ಅಜ್ಜಂಪುರದ ಎರಡನೇ ಓವನ್

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಕಡೂರು, ತರೀಕೆರೆಯಲ್ಲಿ ಒಂದು ದೊಡ್ಡ ಪಿಜ್ಜಾ ಕಂಪನಿಯ ಹೆಸರಲ್ಲಿ ನಾನು ನಡೆಸುವ ಅಂಗಡಿಗಳು ಚೆನ್ನಾಗಿ ನಡೆದ ಮೇಲೆ ಅಜ್ಜಂಪುರದಲ್ಲಿ ಮೂರನೆಯದನ್ನು ತೆರೆದೆ. ಅಲ್ಲಿ ಜನ ಬಾಗಿಲವರೆಗೆ ಬಂದು, ಒಳಗೆ ಇಣುಕಿ ವಾಪಸ್ಸು ಹೋಗುತ್ತಿದ್ದರು. ಹೀಗೇ ಆದರೆ ಅಂಗಡಿ ಮುಚ್ಚಿಬಿಡಿ ಎಂದರು ಕಂಪನಿಯವರು. ನೋಡಲು ಬಂದ ಅವ್ವ ಅಡುಗೆಕೋಣೆಗೆ ಇಣುಕಿದಳು.

“ಕೋಳೀದೂ ತರಕಾರೀದೂ ಒಂದೇ ಒಲೇಲಿ ಬೇಯಿಸ್ತೀಯೇನೋ?”

“ತಟ್ಟೆ ಬೇರೆ ಬೇರೆ ಕಣವ್ವಾ.”

“ಒಲೆ ಒಂದೇ ತಾನೇ? ಈ ಊರಲ್ಲಿ ಮಾಂಸ ತಿನ್ನದೋರೇ ಜಾಸ್ತಿ, ಅವ್ರು ಹೆಂಗ್ ಬತ್ತಾರೆ? ಇಷ್ಟು ಓದಿದ್ದೂ ದಂಡ ಕಣೋ.”

ಕಂಪನಿಯವರನ್ನು ಒಪ್ಪಿಸಿ, ಬರೀ ತರಕಾರಿಯದಕ್ಕೆಂದು ಇನ್ನೊಂದು ಓವನ್ ತರಿಸಿ, ಬಾಗಿಲಿಗೇ ಕಾಣುವಂತೆ ಇಟ್ಟೆ. ಆ ಭಾನುವಾರ ಜನ ಸಂಸಾರ ಸಮೇತ ಬಂದು ಕೂತರು. ಚೀಸ್ ಸಾಲದೆ ತರೀಕೆರೆಯಿಂದ ತರಿಸಿದೆ. ಮುಂದಿನ ಅಂಗಡಿಗೆ ಮೊದಲೇ ಎರಡು ಓವನ್ ಇರಲಿ ಎಂದು ಈಗ ಕಂಪನಿಯವರೇ ಹೇಳಿದ್ದಾರೆ.