ಯಂತ್ರ ಬರೆದುಕೊಟ್ಟ ಹಾಳೆಗಳು

ಕಸೂತಿಯಮ್ಮನ ಬಳಿ ಮುನ್ನೂರಕ್ಕೂ ಹೆಚ್ಚು ಹಾಳೆಗಳಿದ್ದವು. ತೆಳುಕಾಗದದ ಮೇಲೆ ಹೂಬಳ್ಳಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಬೇಕು. ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದ ಪುಡಿ ಉಜ್ಜಿದರೆ ಚಿತ್ತಾರ ಕೆಳಗಿಳಿಯುತ್ತದೆ. ಅಪ್ಪ ತೀರಿಕೊಂಡ ವರ್ಷ ಮೂರನೇ ಇಯತ್ತೆಗೇ ಶಾಲೆ ಬಿಟ್ಟು ಸೂಜಿ ಹಿಡಿದವಳು. ಅಲ್ಲಿಂದ ಇಲ್ಲಿಯವರೆಗೆ ಒಂದೇ ಒಂದು ಹಾಳೆಯನ್ನೂ ಹೊರಗೆ ಕೊಟ್ಟಿರಲಿಲ್ಲ. ಒಡಹುಟ್ಟಿದ ತಂಗಿ ಕೇಳಿದಾಗಲೂ, "ಬಟ್ಟೆ ತಾ, ಹಾಕಿಕೊಡ್ತೀನಿ. ಹಾಳೆ ಮಾತ್ರ ಕೇಳ್ಬೇಡ" ಅಂದಿದ್ದಳು.

ಗಿರಾಕಿಗಳ ಸಂದೇಶಗಳಿಗೆ ಉತ್ತರಿಸಿ ಸಾಕಾಗಿ, ಸೊಸೆ ಫೋನಿನಲ್ಲಿ ಒಂದು ಎಐ ಸಹಾಯಕನನ್ನು ಕೂರಿಸಿದ್ದಳು. ಒಂದು ಬೆಳಿಗ್ಗೆ ದೊಡ್ಡ ಬಟ್ಟೆ ಅಂಗಡಿಯ ಆಳು ಬಂದು, "ಹಾಳೆಗಳನ್ನ ಕೊಡಿ, ಕರಾರಾಗಿದೆ" ಎಂದ. ಅಂಗಡಿಯ ಎಐ ಕೇಳಿತ್ತಂತೆ, ಇವಳ ಎಐ ಎಲ್ಲ ಚಿತ್ತಾರಗಳ ಹಕ್ಕನ್ನೂ ಬರೆದುಕೊಟ್ಟು ಕೆಳಗೆ ಕಸೂತಿಯಮ್ಮನ ಹೆಸರು ಹಾಕಿತ್ತಂತೆ.

"ಚೆನ್ನಾಗಿದೆ! ಎರಡು ಯಂತ್ರ ಕೂತು ಮದುವೆ ನಿಶ್ಚಯ ಮಾಡ್ಕೊಂಡಿವೆ, ಹೆಣ್ಣಿನ ಮನೆಯವರಿಗೇ ಸುದ್ದಿ ಇಲ್ಲ," ಎಂದು ಅವನನ್ನು ಬರಿಗೈಯಲ್ಲಿ ಕಳಿಸಿದಳು.

ಸೊಸೆ ಅಳತೊಡಗಿದಳು. "ನಂದೇ ತಪ್ಪು ಅತ್ತೆ."

"ಅತ್ರೆ ಹಾಳೆ ಉಳಿಯುತ್ತಾ? ಏಳು, ಮುಖ ತೊಳ್ಕೋ. ವಕೀಲರ ಹತ್ರ ಹೋಗೋಣ."

ವಕೀಲೆ ಎಲ್ಲ ಕೇಳಿಸಿಕೊಂಡರು. "ಯಂತ್ರ ಕಾನೂನಿನ ಕಣ್ಣಲ್ಲಿ ಮನುಷ್ಯ ಅಲ್ಲಮ್ಮ. ಅದಕ್ಕೆ ತನ್ನದು ಅಂತ ಸಹಿ ಇಲ್ಲ, ಹಕ್ಕೂ ಇಲ್ಲ. ಹಾಗಂತ 'ನಾನಲ್ಲ, ಯಂತ್ರ' ಅಂದು ಜಾರ್ಕೊಳ್ಳೋಕೂ ಆಗಲ್ಲ. ಕೆಲಸಕ್ಕಿಟ್ಟವರ ತಲೆಗೇ ಬರಬಹುದು. ನೀವು ಅದಕ್ಕೆ ಒಪ್ಪಿಸಿದ್ದ ಕೆಲಸ ಏನು?"

ಸೊಸೆ ಫೋನು ತಡಕಿದಳು. ಪ್ರತಿ ಗಿರಾಕಿಗೂ ಹೋಗುವ ಮೊದಲ ಸಂದೇಶವನ್ನು ಕಸೂತಿಯಮ್ಮನೇ ಹೇಳಿ ಬರೆಸಿದ್ದಳು. ಅದು ಅಂಗಡಿಗೂ ಹೋಗಿತ್ತು: 'ಅಳತೆ, ಬಟ್ಟೆ ಕೊಡುವ ದಿನ, ಈ ಯಂತ್ರ ಹೇಳುವುದು ಅಷ್ಟೇ. ಬೇರೆ ಮಾತಿದ್ದರೆ ಮನೆಗೆ ಬಂದು ನನ್ನನ್ನೇ ಕೇಳಿ.'

"ಹಿಡ್ಕೊಳ್ಳೋಕೆ ಕೊಂಬೆ ಸಿಕ್ತು. ಕರಾರು ಮಾಡೋ ಅಧಿಕಾರ ಯಂತ್ರಕ್ಕಿಲ್ಲ ಅಂತ ಅಂಗಡಿಗೆ ಮೊದಲೇ ತಿಳಿಸಿದ್ದೀರಿ," ಎಂದರು ವಕೀಲೆ.

ಅತ್ತೆ ಸೊಸೆ ಅಂಗಡಿಗೆ ಹೋಗಿ ತೋರಿಸಿದಾಗ, ಮ್ಯಾನೇಜರ್ ಆ ಸಂದೇಶವನ್ನು ಎರಡು ಸಲ ಓದಿ, ಒಳಗೆ ಹೋಗಿ ತಮ್ಮ ವಕೀಲರೊಡನೆ ಫೋನಿನಲ್ಲಿ ಮಾತಾಡಿ ಬಂದ. ದನಿ ಮೆತ್ತಗಾಗಿತ್ತು. "ಹೋಗ್ಲಿ ಅಮ್ಮ, ಈಗ ನೀವೇ ಸಹಿ ಹಾಕಿಬಿಡಿ. ವರ್ಷವಿಡೀ ಕೆಲಸ ಕೊಡ್ತೀವಿ."

"ಬೇಡಪ್ಪ."

"ಹಂಗಾದ್ರೆ ಈಗ ಕೊಡ್ತಿರೋ ಕೆಲಸಾನೂ ನಿಲ್ಲುತ್ತೆ."

ಸೊಸೆ ಅತ್ತೆಯ ಮುಖ ನೋಡಿದಳು. ತಿಂಗಳಲ್ಲಿ ಅರ್ಧ ಕೆಲಸ ಈ ಅಂಗಡಿಯದೇ.

"ನಿಲ್ಲಲಿ. ಕರಾರು ರದ್ದಾಯ್ತು ಅಂತ ಬರೆದುಕೊಡಿ."

ಬರೆದು ತಂದರು, ಪೆನ್ನೂ ಮುಂದಿಟ್ಟರು. ಕಸೂತಿಯಮ್ಮ ಕನ್ನಡಕ ಏರಿಸಿ, ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದತೊಡಗಿದಳು. ಮ್ಯಾನೇಜರ್ ಮತ್ತೆ ಮತ್ತೆ ಗಡಿಯಾರ ನೋಡಿದ.

"ನಮ್ಮ ಯಂತ್ರ ಆಗ್ಲೇ ಓದಿ, ಸರಿ ಇದೆ ಅಂದಿದೆ ಅಮ್ಮ."

"ಹೋದ್ಸಲಾನೂ ಅದೇ ಅಲ್ವಾ ಓದಿದ್ದು?" ಎಂದು ಅವಳು ಎರಡನೆಯ ಪುಟ ತಿರುವಿದಳು.