ಎಡಗೈ ಬೇಡ ಅಂದದ್ದು

ಬಣಕಲ್ಲಿನ ಹುಚ್ಚಮ್ಮನ ಕೈಯಲ್ಲಿ ಬಳೆ ಒಡೆಯುವುದಿಲ್ಲ ಎಂಬ ಮಾತು ಗೋಣಿಬೀಡಿನವರೆಗೂ ಹಬ್ಬಿತ್ತು. ಹಬ್ಬಿಸಿದವಳೂ ಹುಚ್ಚಮ್ಮನೇ ಅನ್ನಿ. ಬಳೆಯ ಗಂಟು ಹೆಗಲಿಗೇರಿಸಿ ಎಸ್ಟೇಟಿನಿಂದ ಎಸ್ಟೇಟಿಗೆ ನಡೆದು, ಮೂವತ್ತು ವರ್ಷ ಹೆಂಗಸರ ಕೈ ಹಿಂಡಿದವಳು. ಎಂಥ ದಪ್ಪ ಕೈಯಾದರೂ ಸೋಪಿನ ನೊರೆ ಸವರಿ, ಗೆಣ್ಣು ಮಡಿಸಿ, ನಗಿಸುತ್ತ ನಗಿಸುತ್ತಲೇ ಒಂದಳತೆ ಚಿಕ್ಕ ಬಳೆ ಏರಿಸಿಬಿಡುತ್ತಿದ್ದಳು. ಸಡಿಲ ಬಳೆ ತೊಡಿಸುವುದು ಕಸುಬೇ ಅಲ್ಲ ಎಂಬುದು ಅವಳ ವಾದ.

೧೯೯೮ರ ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ಅವಳು ಗೋಣಿಬೀಡಿನ ಹತ್ತಿರದ ಒಂದು ತೋಟದ ಮನೆಗೆ ಹೋದಳು. ಮನೆಯ ಯಜಮಾನಿ ಕೃಷ್ಣಮ್ಮ. ಸೊಸೆ ಪ್ರೇಮಕುಮಾರಿಗೆ ಆ ಬೇಸಿಗೆಯಲ್ಲಿ ಮಂಗಳೂರಿನಲ್ಲಿ ಆಪರೇಷನ್ ಆಗಿತ್ತು. ಗರ್ಭಕೋಶದ್ದು ಎಂದು ಕೃಷ್ಣಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಕಣದ ಜಗಲಿಯಲ್ಲಿ ತೋಟದ ಆಳು ಹೆಂಗಸರೂ ಬಳೆಗೆ ಕಾದು ಕೂತಿದ್ದರು.

ಪ್ರೇಮಕುಮಾರಿ ಬಲಗೈ ಮಾತ್ರ ಚಾಚಿದಳು. ಎಡಗೈ ಸೆರಗಿನೊಳಗಿತ್ತು.

"ಹಬ್ಬದ ದಿನ ಮುತ್ತೈದೆ ಕೈ ಬೋಳಾಗಿರ್ಬಾರ್ದು. ಕೊಡು ಅದನ್ನೂ," ಎಂದರು ಕೃಷ್ಣಮ್ಮ.

ಪ್ರೇಮಕುಮಾರಿ ಹುಚ್ಚಮ್ಮನ ಕಡೆ ಬಾಗಿ, ಅವಳೊಬ್ಬಳಿಗೇ ಕೇಳುವಂತೆ, "ಎಡಗೈ ಬೇಡ ಹುಚ್ಚಮ್ಮ," ಎಂದಳು.

ಹುಚ್ಚಮ್ಮ ಸೆರಗಿನೊಳಗಿಂದ ಆ ಎಡಗೈಯನ್ನು ಎಳೆದು ಹಿಡಿದಳು. ಕೈ ಭಾರವಾಗಿತ್ತು, ಮುಂಗೈ ಸ್ವಲ್ಪ ಊದಿತ್ತು. ಬಿಟ್ಟುಬಿಡಬಹುದಿತ್ತು. ಆದರೆ ಹತ್ತು ಹೆಂಗಸರು ನೋಡುತ್ತಿದ್ದರು. "ಅಯ್ಯ, ನೋಯ್ಸದೆ ಹಾಕ್ತೀನಿ ಸುಮ್ನಿರಿ ಅಮ್ಮೋರೆ!" ಎಂದು ಹಿಂಡಿಯೇ ಹಿಂಡಿದಳು. ನಾಲ್ಕನೆಯ ಬಳೆ ಗೆಣ್ಣಿನ ಮೇಲೆ ಚಿಟಕ್ಕೆಂದಿತು. ಸಣ್ಣ ಗೀರು, ಎರಡು ಹನಿ ರಕ್ತ. ಒಡೆದ ಚೂರುಗಳನ್ನು ಹುಚ್ಚಮ್ಮ ತನ್ನ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು.

ಹಬ್ಬದ ದಿನವೇ ಪ್ರೇಮಕುಮಾರಿಗೆ ಚಳಿಜ್ವರ ಬಂತು. ಕೈ ಕೆಂಪಗೆ ಕೆಂಡವಾಗಿ, ಬಳೆಗಳನ್ನು ಕತ್ತರಿಸಿ ತೆಗೆದು, ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಿದರು. ಸುದ್ದಿ ಬಣಕಲ್ ಬಸ್‌ಸ್ಟ್ಯಾಂಡಿನಲ್ಲಿ ಹುಚ್ಚಮ್ಮನ ಕಿವಿಗೆ ಬಿತ್ತು. ಅಂದಿನಿಂದ ಅವಳು ಆ ತೋಟದ ದಾರಿ ಹಿಡಿಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಯಾರಾದರೂ ಗೋಣಿಬೀಡು ಎಂದರೆ ಸಾಕು, ಇವಳು ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದಳು. ಅನ್ನ ಕಲೆಸುವಾಗ ತನ್ನ ಬೆರಳು ಕಂಡರೇ ಅವಳಿಗೆ ಹೇಸಿಗೆಯಾಗುತ್ತಿತ್ತು. ಯಾರಾದರೂ ಕೇಳಿದರೆ, "ಅವ್ರು ಬೇಡ ಅಂದಿದ್ದು ನಂಗೆ ಕೇಳ್ಸಿದ್ರೆ ಹಾಕ್ತಿದ್ನಾ?" ಎನ್ನುತ್ತಿದ್ದಳು. ಹೇಳಿ ಹೇಳಿ ಸುಳ್ಳು ಸಲೀಸಾಯಿತು.

ಮರುವರ್ಷ ಗೌರಿ ಹಬ್ಬ ಕಳೆದ ಮೇಲೆ ಪ್ರೇಮಕುಮಾರಿಯೇ ಹೇಳಿಕಳಿಸಿದಳು. ಬಳೆ ತರುವುದು ಬೇಡ, ಬರಿಗೈಯಲ್ಲಿ ಬರಬೇಕಂತೆ. ಹುಚ್ಚಮ್ಮ ಬೈಸಿಕೊಳ್ಳಲು ತಯಾರಾಗಿಯೇ ಹೋದಳು.

ಪ್ರೇಮಕುಮಾರಿ ಬೈಯಲಿಲ್ಲ. ಕೋಣೆಗೆ ಕರೆದು, ಬಾಗಿಲು ಹಾಕಿ, ಸೆರಗು ಸರಿಸಿ ತೋರಿಸಿದಳು. ಎಡಗಡೆ ಎದೆಯಿರಲಿಲ್ಲ, ಉದ್ದ ಹೊಲಿಗೆಯ ಗುರುತಿತ್ತು. ಕೈ ಭುಜದಿಂದ ಬೆರಳಿನವರೆಗೆ ಊದಿ ಬಿಗಿದಿತ್ತು.

"ಮೈಯಲ್ಲಿ ರಕ್ತದ ಹಾಗೇ ಇನ್ನೊಂದು ನೀರು ಹರಿಯುತ್ತಂತೆ, ದುಗ್ಧರಸ ಅಂತ. ಅದಕ್ಕೆ ಹೃದಯದ ಹಾಗೆ ಪಂಪಿಲ್ಲ. ಕೈಕಾಲು ಆಡ್ಸಿದ್ರೆ, ಉದ್ದಕ್ಕೆ ಉಸಿರೆಳೆದ್ರೆ ಮುಂದೆ ಸರಿಯುತ್ತೆ. ಅದನ್ನ ಸೋಸೋ ಗಂಟು ಕಂಕುಳಲ್ಲಿರ್ತವೆ. ನಂಗಾಗಿದ್ದು ಗರ್ಭಕೋಶದ್ದಲ್ಲ, ಎದೆ ಕ್ಯಾನ್ಸರಿನ ಆಪರೇಷನ್; ಅದರಲ್ಲಿ ಆ ಗಂಟುಗಳನ್ನೂ ತೆಗೆದ್ರು. ನೀರು ನಿಲ್ಲುತ್ತೆ, ಅಲ್ಲಿ ಗಾಯ ಆದ್ರೆ ಬೇಗ ನಂಜು."

"ತೋಟದ ಬಸಿಗಾಲುವೆ ಕಟ್ಕೊಂಡ ಹಾಗೆ," ಎಂದಳು ಹುಚ್ಚಮ್ಮ.

"ಹಾಗೇ. ನೀರು ಬಲಗಡೆಗೆ ದಾರಿ ಮಾಡ್ಕೊಳ್ಳೋ ಹಾಗೆ ನೀವಬೇಕು. ಆಸ್ಪತ್ರೆಲಿ ಕಲಿಸಿದಾರೆ. ಭುಜದ ಹಿಂದೆ ನನ್ನ ಕೈ ಎಟುಕಲ್ಲ. ಅತ್ತೆಯವ್ರು ಮುಟ್ಟಕ್ಕೆ ಹೆದರ್ತಾರೆ. ನಿಮಗೆ ಕೈಗಳ ವಿಷಯ ಗೊತ್ತು."

ಹೆಂಗಸರ ಕೈ ಹಿಂಡಿ ಹೊಟ್ಟೆ ಹೊರೆದವಳಿಗೆ ಹಿಂಡದೆ ಮುಟ್ಟುವುದು ಬರಲಿಲ್ಲ. "ಒತ್ಬೇಡಿ. ಚರ್ಮ ಮಾತ್ರ ಸರೀಬೇಕು," ಎಂದು ಪ್ರೇಮಕುಮಾರಿ ಮತ್ತೆ ಮತ್ತೆ ತಿದ್ದಿದಳು. ಮೊದಲು ಕುತ್ತಿಗೆ, ಎದೆಯ ಅಡ್ಡಕ್ಕೆ ಬಲಕಂಕುಳ ಕಡೆಗೆ, ಆಮೇಲೆ ಭುಜ, ಕೊನೆಗೆ ಮುಂಗೈ. ಮೇಲಿನ ದಾರಿ ಬಿಡಿಸದೆ ಕೆಳಗಿನ ನೀರು ಹೋಗುವುದಿಲ್ಲ. ಹುಚ್ಚಮ್ಮನಿಗೆ ಬೆರಳು ಪಳಗಲು ಮೂರು ತಿಂಗಳು ಹಿಡಿಯಿತು.

ಆಮೇಲೆ ಬುಧವಾರ ತಪ್ಪಲಿಲ್ಲ. ಮಿಕ್ಕ ದಿನ ಪ್ರೇಮಕುಮಾರಿ ಕೈಗೆ ಪಟ್ಟಿ ಸುತ್ತಿಕೊಂಡು, ಮುಷ್ಟಿ ಬಿಗಿದು ಬಿಡುತ್ತ, ತೋಳೆತ್ತಿ ಇಳಿಸುತ್ತ ಓಡಾಡುತ್ತಿದ್ದಳು. ಕೈ ಮೊದಲಿನಂತಾಗಲಿಲ್ಲ. ಆದರೆ ಜ್ವರ ಮರಳಲಿಲ್ಲ, ಊತವೂ ಎರಡು ಬೆರಳಷ್ಟು ಇಳಿಯಿತು. ಬೇರೆ ಮನೆಗಳಲ್ಲಿ ಹುಚ್ಚಮ್ಮ ಈಗ ಬಳೆ ತೊಡಿಸುವ ಮುಂಚೆ ಎರಡೂ ಕೈ ನೋಡಿ ಕೇಳುತ್ತಿದ್ದಳು. ವಯಸ್ಸಾಯ್ತು, ಹುಚ್ಚಮ್ಮ ಅಂಜುಬುರುಕಿಯಾದಳು ಎಂದು ಹೆಂಗಸರು ನಕ್ಕರೂ ಕೇಳುವುದನ್ನು ಬಿಡಲಿಲ್ಲ.

೨೦೦೪ರ ಗೌರಿ ಹಬ್ಬದ ಹಿಂದಿನ ಬುಧವಾರ, ಭುಜ ನೀವುತ್ತಿದ್ದ ಹುಚ್ಚಮ್ಮನಿಗೆ ತಡೆಯಲಾಗಲಿಲ್ಲ.

"ಅಮ್ಮೋರೆ, ಅವತ್ತು ನೀವು ಬೇಡ ಅಂದಿದ್ದು ನಂಗೆ ಕೇಳ್ಸಿತ್ತು. ಕೈ ಊದಿದ್ದೂ ಗೊತ್ತಾಗಿತ್ತು. ಜಂಬಕ್ಕೆ ಹಾಕ್ದೆ."

ಪ್ರೇಮಕುಮಾರಿ ತಿರುಗಿ ನೋಡಲಿಲ್ಲ.

"ಗೊತ್ತು. ಕೇಳ್ಸದೇ ಇದ್ದಿದ್ರೆ ಮಾರನೇ ವಾರವೇ ನೋಡಕ್ಕೆ ಬರ್ತಿದ್ರಿ. ನೀವು ವರ್ಷ ಆದ್ರೂ ಬರ್ಲಿಲ್ಲ."

ಹುಚ್ಚಮ್ಮನ ಬೆರಳು ನಿಂತವು. ಕಣ್ಣೀರು ಪ್ರೇಮಕುಮಾರಿಯ ಬೆನ್ನ ಮೇಲೆ ಬಿತ್ತು; ಅದನ್ನು ಸೆರಗಿನಿಂದ ಒತ್ತಿ ಒರೆಸಲು ಹೋದವಳು, ಒತ್ತಬಾರದೆಂದು ನೆನಪಾಗಿ ಮೆಲ್ಲಗೆ ಸವರಿದಳು.

"ಮುಂಗೈ ಬಾಕಿ ಇದೆ," ಎಂದಳು ಪ್ರೇಮಕುಮಾರಿ, ಎಡಗೈಯನ್ನು ಅವಳ ಮಡಿಲಲ್ಲಿ ಇಟ್ಟು.