ಹೆಗಲ ನರದಿಂದ ಎದ್ದ ಕೈ

ಗಾಡಿಯಿಂದ ಬಿದ್ದ ಮೇಲೆ ನಮ್ಮ ತಾತನ ಬಲಗೈ ಬೆರಳುಗಳು ಆಡುತ್ತಿದ್ದವು, ಮೊಣಕೈ ಮಾತ್ರ ಮಡಚುತ್ತಿರಲಿಲ್ಲ. ದೂರದ ದೊಡ್ಡಾಸ್ಪತ್ರೆಯ ಡಾಕ್ಟರು ಆಪರೇಷನ್ ಮಾಡಿ, ಹೆಗಲು ಎತ್ತಿಸುವ ನರವೊಂದನ್ನು ಮೊಣಕೈ ಮಡಚುವ ತೋಳಿನ ಸ್ನಾಯುವಿಗೆ ಜೋಡಿಸಿ, ಹೆಗಲು ಎತ್ತಿ ಎತ್ತಿ ಕೈ ಪಳಗಿಸಬೇಕೆಂದು ಹೇಳಿ ಕಳಿಸಿದರು. ಎಡಗೈಯಲ್ಲಿ ಮುದ್ದೆ ಮುರಿಯಲು ತಾತ ಒಪ್ಪುತ್ತಿರಲಿಲ್ಲ; ಸೊಸೆಯಾದ ನಮ್ಮವ್ವ ತುತ್ತು ಕೊಡುವಾಗ ನಾಚಿ ತಲೆ ತಗ್ಗಿಸುತ್ತಿದ್ದರು. ತಿಂಗಳುಗಟ್ಟಲೆ ಹೆಗಲು ಕುಣಿಸಿದರೂ ಕೈ ಏಳಲಿಲ್ಲ.

"ಸುಮ್ಕೆ ಯಾಕೆ ಕುಣಿತೀರಿ? ನೇಗ್ಲು ಒತ್ಕೊಳ್ಳೋ ಅಂಗೆ ಎತ್ರಿ ಕಣ್ರೀ!" ಎಂದು ಅಜ್ಜಿ ಗದರಿದರು.

ಅಂದಿನಿಂದ ತಾತ ದಿನಾ ಬೆಳಿಗ್ಗೆ ಹೆಗಲೂ ಮೊಣಕೈಯೂ ಒಟ್ಟಿಗೆ ಏಳಲೆಂದು ಇಲ್ಲದ ನೇಗಿಲನ್ನು ಹೆಗಲಿಗೇರಿಸತೊಡಗಿದರು. ವರ್ಷ ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಊಟಕ್ಕೆ ಕೂತು ಬಲಗೈಯಲ್ಲೇ ತುತ್ತು ಹಿಡಿದಾಗ ಮೊಣಕೈ ನಡುಗುತ್ತ ಮಡಚಿತು. ತುತ್ತು ಮೀಸೆಗೆ ಮೆತ್ತಿಕೊಂಡಿತು. ಅವ್ವ ಒರೆಸಲು ಬಂದಳು.

"ಬುಡವ್ವ, ಇನ್ನೊಂದ್ಕಿತ ಎತ್ತೀನಿ" ಎಂದ ತಾತ, ಎರಡನೆಯ ತುತ್ತನ್ನು ತಾವೇ ಬಾಯಿಗಿಟ್ಟುಕೊಂಡು ನುಂಗಿದರು.